ಹಳೆಯ ಜಿಪ್ಸಿಯ ಹಿಂಬದಿಯಿಂದ ಗುಂಯ್ ಸದ್ದು: ಕ್ರೌನ್ ಪಿನಿಯನ್ ಸೆಟ್ಟೇ ಬದಲಿಸಬೇಕಾ?

ಸಿಂಹಗಡ ಜಿಪ್ಸಿ, ಪುಣೆ

ಎಲ್ಲರಿಗೂ ನಮಸ್ಕಾರ. ಗಾಡಿ 2003ರ ಮಾರುತಿ ಜಿಪ್ಸಿ ಕಿಂಗ್, ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಜೀಪು, 1.3 ಲೀಟರ್ ಪೆಟ್ರೋಲ್. ಅಪ್ಪ ಹುಬ್ಬಳ್ಳಿಯಲ್ಲಿ ಕೊಂಡದ್ದು. ಈಗ ನನ್ನ ಜೊತೆ ಪುಣೆಯಲ್ಲಿದೆ. 1,38,000 ಕಿಮೀ ಓಡಿದೆ.

ಒಂದೂವರೆ ತಿಂಗಳಿಂದ ಹಿಂದುಗಡೆ ಗುಂಯ್ ಅಂತ ಸದ್ದು ಬರುತ್ತಿದೆ. 45ರ ವೇಗಕ್ಕೆ ಶುರುವಾಗುತ್ತದೆ, 60ಕ್ಕೆ ಜೋರಾಗುತ್ತದೆ. ಹಿಂದೆ ಕೂತ ಮಕ್ಕಳು ಮಾತಾಡಲು ಕೂಗಬೇಕು. ಇದರ ಜೊತೆಗೆ ಕ್ಲಚ್ ಬಿಟ್ಟಾಗ ಕೆಳಗೆಲ್ಲೋ ಟಕ್ ಅಂತ ಒಂದು ಪೆಟ್ಟು ಕೇಳುತ್ತದೆ.

ಹಿನ್ನೆಲೆ ಹೇಳುತ್ತೇನೆ. ಮೇ ತಿಂಗಳಲ್ಲಿ ಹಿಂದಿನ ಆಕ್ಸಲ್ಲಿನ ಪಿನಿಯನ್ ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ಬಳೆ) ಸೋರುತ್ತಿತ್ತು. ಇಲ್ಲಿನ ಒಂದು ಗ್ಯಾರೇಜಿನಲ್ಲಿ ಬದಲಿಸಿಕೊಂಡೆ, ಒಂದು ಗಂಟೆಯಲ್ಲಿ ಕೆಲಸ ಮುಗಿಸಿ ಕೊಟ್ಟರು. ಜುಲೈನಲ್ಲಿ ತಾಮ್ಹಿಣಿ ಘಾಟ್ ಇಳಿದು ಕೊಂಕಣಕ್ಕೆ ಹೋದೆವು. ದಾರಿಯಲ್ಲಿ ಎರಡು ಕಡೆ ರಸ್ತೆ ಮೇಲೆ ನೀರಿತ್ತು, ಚಕ್ರದ ಹಬ್ ಮುಳುಗುವಷ್ಟು. ಬಂದ ಮೇಲೆ ಸದ್ದು ಶುರು.

ಈಗ ಬೇರೆ ಗ್ಯಾರೇಜಿನವರು ಒಂದು ಸುತ್ತು ಓಡಿಸಿ, ಕ್ರೌನ್ ಪಿನಿಯನ್ ಸೆಟ್ (ಹಿಂದಿನ ಆಕ್ಸಲ್ ಒಳಗಿನ ದೊಡ್ಡ ಮತ್ತು ಸಣ್ಣ ಹಲ್ಲಿನ ಚಕ್ರಗಳ ಜೋಡಿ) ಪೂರ್ತಿ ಹೋಗಿದೆ, ಬದಲಿಸಬೇಕು ಎಂದಿದ್ದಾರೆ. ಅವರು ಹೇಳಿದ ಮೊತ್ತ ಕೇಳಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ದುಡ್ಡು ಒಂದೇ ಅಲ್ಲ. ಅಪ್ಪ ಹದಿನೈದು ವರ್ಷ ಜೋಪಾನ ಮಾಡಿದ ಗಾಡಿ. ಕಾರಣ ತಿಳಿಯದೆ ಅದರ ಭಾಗ ಕಿತ್ತು ಎಸೆಯಲು ಮನಸ್ಸಿಲ್ಲ. ಬಿಚ್ಚುವ ಮೊದಲು ನಾನೇ ಏನಾದರೂ ನೋಡಬಹುದಾ?

ಡೊಂಬಿವಲಿ ಥಾರ್

ಮೊದಲು ಟೈರ್ ನೋಡಿ. ನನ್ನ ಗಾಡಿಯಲ್ಲಿ ಇಂಥದೇ ಸದ್ದಿತ್ತು. ಬೇರಿಂಗ್ ಬದಲಿಸಿದೆ, ಹೋಗಲಿಲ್ಲ. ಕೊನೆಗೆ ನೋಡಿದರೆ ಟೈರಿನ ಕಟ್ಟೆಗಳು ಗರಗಸದ ಹಲ್ಲಿನ ಹಾಗೆ ಸವೆದಿದ್ದವು. ಅಂಗೈಯನ್ನು ಟೈರ್ ಮೇಲೆ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಸವರಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಚುಚ್ಚಿದರೆ ಸದ್ದು ಟೈರಿನದ್ದು. ಹಿಂದಿನ ಎರಡನ್ನು ಮುಂದಕ್ಕೆ ಹಾಕಿ ಓಡಿಸಿ. ಸದ್ದೂ ಮುಂದಕ್ಕೆ ಬಂದರೆ ಅಲ್ಲಿಗೆ ಮುಗಿಯಿತು. ಖರ್ಚಿಲ್ಲದ ಪರೀಕ್ಷೆ.

ಗ್ರೀಸ್ ಕೈ, ಭೋಸರಿ

ಬೆಳಗಾವಿ ಕಡೆಯವನು. ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಜಿಪ್ಸಿ ನೂರಾರು ಬಿಚ್ಚಿದ್ದೇನೆ.

ಡಿಫರೆನ್ಶಿಯಲ್ (ಕ್ರೌನ್ ಪಿನಿಯನ್ ಇರುವ ಗೇರ್ ಜೋಡಣೆ) ಬಿಚ್ಚಬೇಡಿ, ಇನ್ನೂ ಬೇಡ. ಪಾನಾ ಹಿಡಿಯುವ ಮೊದಲು ಕಿವಿ ಕೆಲಸ ಮಾಡಬೇಕು. ಸದ್ದು ಎಲ್ಲಿಂದ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಹಿಂಬದಿ ಸದ್ದು ತಗಡಿನ ಬಾಡಿಯಲ್ಲಿ ಎಲ್ಲ ಕಡೆ ಓಡಾಡುತ್ತದೆ, ಜಾಗ ಹುಡುಕಿದರೆ ಮೋಸ ಹೋಗುತ್ತೀರಿ. ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅಂತ ನೋಡಿ. ಅದು ಸುಳ್ಳು ಹೇಳುವುದಿಲ್ಲ.

ನಮ್ಮ ಭಾಷೆಯಲ್ಲಿ ಸದ್ದಿಗೆ ಎಷ್ಟು ಹೆಸರುಗಳಿವೆ, ಅವನ್ನೇ ಬಳಸಿ. ಗುಂಯ್ ಅಂತ ಒಂದೇ ಸ್ವರದಲ್ಲಿ ಕೂಗಿದರೆ ಸಾಮಾನ್ಯವಾಗಿ ಹಲ್ಲಿನ ಚಕ್ರ, ಇಲ್ಲವೇ ಪಿನಿಯನ್ ಬೇರಿಂಗ್. ಗೊರಗೊರ ಅಂದರೆ ಚಕ್ರದ ಬೇರಿಂಗ್. ನಿಧಾನಕ್ಕೆ ಹೋಗುವಾಗ ಚಿಂವ್ ಚಿಂವ್ ಅಂದರೆ ಒಣಗಿದ ಕ್ರಾಸ್, ಅಂದರೆ ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಬಾಗುವ ಕೀಲು. ಟಕ್ ಅಂದರೆ ಎಲ್ಲೋ ಪ್ಲೇ (ಸಡಿಲ) ಇದೆ: ಕ್ರಾಸ್, ಶಾಫ್ಟಿನ ಸ್ಪ್ಲೈನ್ (ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ) ಅಥವಾ ಸಡಿಲ ಯು ಬೋಲ್ಟ್. ಹಂಪ್ ದಾಟಿದಾಗ ಮಾತ್ರ ಕಟಕಟ ಅಂದರೆ ಪಾಟಾ (ಲೀಫ್ ಸ್ಪ್ರಿಂಗ್) ಬುಷ್, ಶಾಕಪ್ ಬುಷ್, ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿ.

ಬೆಳಿಗ್ಗೆ ಬೇಗ ಖಾಲಿ, ಸಮತಟ್ಟಾದ ರಸ್ತೆಗೆ ಹೋಗಿ. ಜೊತೆಗೆ ಒಬ್ಬರಿರಲಿ. ಅವರು ಹಿಂದೆ ಕೂತು ಕೇಳಲಿ, ನೀವು ಓಡಿಸಿ. ಇವನ್ನು ನೋಡಿಕೊಂಡು ಬನ್ನಿ.

60ಕ್ಕೆ ಹೋಗಿ ನ್ಯೂಟ್ರಲ್ ಮಾಡಿ. ಇಂಜಿನ್ ಬಂದ್ ಮಾಡಬೇಡಿ, ಘಾಟಿನಲ್ಲಿ ಇದನ್ನು ಮಾಡಲೇಬೇಡಿ. ಸದ್ದು ಉಳಿದರೆ ಇಂಜಿನ್, ಕ್ಲಚ್ ಎರಡೂ ಲೆಕ್ಕದಿಂದ ಹೊರಗೆ. ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆ) ಮಾತ್ರ ಹೊರಗೆ ಹೋಗುವುದಿಲ್ಲ. ಜಿಪ್ಸಿಯಲ್ಲಿ ಅದು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಗೇರ್ ನ್ಯೂಟ್ರಲ್‌ನಲ್ಲಿದ್ದರೂ ಹಿಂದಿನ ಚಕ್ರಗಳು ಅದನ್ನು ತಿರುಗಿಸುತ್ತಲೇ ಇರುತ್ತವೆ.

ಆಮೇಲೆ ಅದೇ 60ರಲ್ಲಿ ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿಯಾ, ಬಿಟ್ಟಾಗ ಜಾಸ್ತಿಯಾ ನೋಡಿ. ಇದೇ ಎಲ್ಲಕ್ಕಿಂತ ಮುಖ್ಯ. ಎಳೆಯುವಾಗ ಹಲ್ಲಿನ ಒಂದು ಮಗ್ಗುಲು ಕೆಲಸ ಮಾಡುತ್ತದೆ, ಬಿಟ್ಟಾಗ ಇನ್ನೊಂದು ಮಗ್ಗುಲು. ಎಳೆಯುವಾಗ ಮಾತ್ರ ಕೂಗಿದರೆ ಹಲ್ಲು ಸವೆದಿರುವ ಸಾಧ್ಯತೆ ಜಾಸ್ತಿ. ಬಿಟ್ಟಾಗ ಕೂಗಿದರೆ ಪಿನಿಯನ್ ಸಡಿಲ ಅಂತ ನನ್ನ ಮೊದಲ ಅನುಮಾನ.

ಅಗಲ ರಸ್ತೆಯಿದ್ದರೆ 40ರಲ್ಲಿ ಮೆಲ್ಲಗೆ ಎಡಕ್ಕೆ, ಬಲಕ್ಕೆ ಹಾವಿನ ಹಾಗೆ ತಿರುಗಿಸಿ. ಎಡಕ್ಕೆ ತಿರುಗಿಸಿದಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆಗ ಗೊರಗೊರ ಹೆಚ್ಚಾದರೆ ಬಲಗಡೆಯ ಬೇರಿಂಗ್.

ಕೊನೆಯದು ನನಗೆ ಬಹಳ ಇಷ್ಟದ ಪರೀಕ್ಷೆ. ಗಂಟೆಗೆ 7-8 ಕಿಮೀ ವೇಗದಲ್ಲಿ ಹೋಗಿ, ಒಬ್ಬರು ಪಕ್ಕದಲ್ಲಿ ಬಿರುಸಾಗಿ ನಡೆಯಲಿ. ಜಿಪ್ಸಿಯ ಚಕ್ರ ಒಂದು ಸುತ್ತಿಗೆ ಸುಮಾರು 2 ಮೀಟರ್ ಹೋಗುತ್ತದೆ. ಅಂದರೆ ಆ ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂದು ಸುತ್ತು, ಪ್ರೊಪೆಲ್ಲರ್ ಶಾಫ್ಟ್ ಸುಮಾರು ನಾಲ್ಕು ಸುತ್ತು. ಸೆಕೆಂಡಿಗೆ ಒಂದೇ ಸಲ ಟಕ್ ಅಂದರೆ ಚಕ್ರದ ಕಡೆ, ಬ್ರೇಕ್ ಡ್ರಮ್ ಕಡೆ ಹುಡುಕಿ. ಬಡಬಡ ನಾಲ್ಕು ಸಲ ಬಂದರೆ ಶಾಫ್ಟಿನ ಕಡೆ.

ಮುಲುಂಡ್ ಮಳೆಗಾಲ

ಒಂದು ಸಣ್ಣ ಪ್ರಶ್ನೆ. ಕೊಂಕಣದಿಂದ ಬರುವಾಗ 4ಎಚ್ (ನಾಲ್ಕೂ ಚಕ್ರಕ್ಕೆ ಬಲ ಹೋಗುವ ಸ್ಥಿತಿ) ತೆಗೆದಿದ್ದೀರಾ? ಎರಡು ಆಕ್ಸಲ್ಲುಗಳ ವೇಗದ ವ್ಯತ್ಯಾಸ ಸರಿದೂಗಿಸುವ ಮಧ್ಯದ ಡಿಫರೆನ್ಶಿಯಲ್ ಜಿಪ್ಸಿಯಲ್ಲಿ ಇಲ್ಲ. ಟಾರ್ ರಸ್ತೆಯಲ್ಲಿ 4ಎಚ್ ಹಾಕಿ ತಿರುಗಿಸಿದರೆ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ತಿರುಚುತ್ತವೆ. ನನ್ನ ತಮ್ಮ ಮರೆತು ಹಾಗೇ ಓಡಿಸಿದ್ದ. ಅಂಥದೇ ಟಕ್ ಬರುತ್ತಿತ್ತು.

ವಾಸ್ಕೊ ಬೋಲೆರೋ, ಗೋವಾ

ನೀರು ದಾಟಿದ್ದೀರಿ ಅಂದಿರಲ್ಲ, ನನ್ನ ಗಮನ ಅಲ್ಲಿಗೇ ಹೋಯಿತು.

ದೂಧ್‌ಸಾಗರಕ್ಕೆ ಕುಳೆಂ ಊರಿನಿಂದ ಹೋಗುವ ಜೀಪುಗಳನ್ನು ನೋಡಿದ್ದೀರಾ? ದಾರಿಯಲ್ಲಿ ಹೊಳೆ ದಾಟಿ ಹೋಗುತ್ತವೆ. ಅಲ್ಲಿನ ಒಬ್ಬ ಚಾಲಕರಿಂದ ನಾನು ಕಲಿತದ್ದು ಇದು. ಓಡಿ ಬಿಸಿಯಾದ ಆಕ್ಸಲ್ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಹೌಸಿಂಗ್ ಮೇಲಿನ ಬ್ರೀದರ್ (ಗಾಳಿ ಕಿಂಡಿ) ಮಣ್ಣು ಕಟ್ಟಿದ್ದರೆ ಗಾಳಿ ಅಲ್ಲಿಂದ ಒಳಗೆ ಬರಲಾಗದು. ಆಗ ಸೀಲಿನ ತುಟಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಬ್ರೀದರ್ ತೆರೆದಿದ್ದು, ಅದೇ ನೀರಲ್ಲಿ ಮುಳುಗಿದರೂ ಕಥೆ ಒಂದೇ. ಆಮೇಲೆ ಒಣ ರಸ್ತೆಯಲ್ಲಿ ಬಿಸಿಯಾದಾಗ ಒತ್ತಡ ಹೆಚ್ಚಿ, ಎಣ್ಣೆ ಸೀಲ್ ದಾಟಿ ಬ್ರೇಕ್ ಶೂ ಮೇಲೆ ಬರುತ್ತದೆ.

ಹಿಂದಿನ ಡಿಫರೆನ್ಶಿಯಲ್ ಎಣ್ಣೆ ಒಂದು ಲೋಟ ಇಳಿಸಿ ನೋಡಿ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ತಡ ಮಾಡಬೇಡಿ. ನೀರಿರುವ ಎಣ್ಣೆಯಲ್ಲಿ ಬೇರಿಂಗಿಗೆ ಬೇಗ ತುಕ್ಕಿನ ಚುಕ್ಕಿ ಬೀಳುತ್ತದೆ.

ಸಿಂಹಗಡ ಜಿಪ್ಸಿ

ಎಲ್ಲರಿಗೂ ಧನ್ಯವಾದ. ಭಾನುವಾರ ಬೆಳಿಗ್ಗೆ 5ಕ್ಕೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮುಳಶಿ ರಸ್ತೆಗೆ ಹೋದೆ. ಅವಳು ಸಂಗೀತ ಕಲಿತವಳು, ನನಗಿಂತ ಕಿವಿ ಚುರುಕು. ಅವಳೇ ಬರೆದುಕೊಂಡದ್ದು ಇದು.

ಶನಿವಾರವೇ ಟೈರ್ ಅದಲುಬದಲು ಮಾಡಿದ್ದೆ. ಸದ್ದು ಹಿಂದೆಯೇ ಉಳಿಯಿತು. ನ್ಯೂಟ್ರಲ್ ಮಾಡಿದರೂ ಸದ್ದಿದೆ, ಸ್ವಲ್ಪ ಕಡಿಮೆ. ಆಕ್ಸಿಲರೇಟರ್ ಒತ್ತಿದಾಗ ಬಹಳ ಕಡಿಮೆ, ಬಿಟ್ಟ ತಕ್ಷಣ ಕೂಗು ಏರುತ್ತದೆ. ಸರಿಯಾಗಿ 65ರಿಂದ 50ಕ್ಕೆ ಇಳಿಯುವಾಗ. ಎಡ, ಬಲ ತಿರುಗಿಸಿದರೆ ವ್ಯತ್ಯಾಸ ಇಲ್ಲ. ನಡಿಗೆ ವೇಗದಲ್ಲಿ ಹೋದಾಗ ಚಿಂವ್ ಚಿಂವ್ ಬಂತು, ಸೆಕೆಂಡಿಗೆ ನಾಲ್ಕರ ಹತ್ತಿರ. ಅದನ್ನು ನಾವು ಇದುವರೆಗೆ ಗಮನಿಸಿಯೇ ಇರಲಿಲ್ಲ.

ಗಾಡಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಕೊಡುವ 2ಎಚ್‌ನಲ್ಲೇ ಇದೆ. ಎಣ್ಣೆ ಇನ್ನೂ ನೋಡಿಲ್ಲ.

ಗ್ರೀಸ್ ಕೈ, ಭೋಸರಿ

ನಿಮ್ಮ ಮನೆಯವರು ಬರೆದದ್ದು ಬಹಳ ಚೆನ್ನಾಗಿದೆ. ಇದರಲ್ಲಿ ಎರಡು ಸದ್ದುಗಳಿವೆ, ಎರಡು ಬೇರೆ ಬೇರೆ ಕಾಯಿಲೆ. ಒಂದೇ ಅಂದುಕೊಂಡರೆ ತಪ್ಪು ದಾರಿ ಹಿಡಿಯುತ್ತೇವೆ.

ಚಿಂವ್ ಚಿಂವ್ ಮತ್ತು ಟಕ್, ಇವು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್. ನೀರಿಗೆ ಗ್ರೀಸ್ ತೊಳೆದು ಹೋಗಿರುತ್ತದೆ. ಬಿಟ್ಟಾಗ ಬರುವ ಗುಂಯ್ ಪಿನಿಯನ್‌ದು. ಇಲ್ಲಿ ನಿಮ್ಮ ಮೇ ತಿಂಗಳ ಸೀಲ್ ಕೆಲಸ ನೆನಪಿಸಿಕೊಳ್ಳಿ. ಸೀಲ್ ಬದಲಿಸಲು ಪಿನಿಯನ್ನಿನ ದೊಡ್ಡ ನಟ್ ಬಿಚ್ಚಲೇಬೇಕು. ಆ ನಟ್ ಬರೀ ಫ್ಲ್ಯಾಂಜ್ (ಶಾಫ್ಟ್ ಜೋಡಿಸುವ ತಟ್ಟೆ) ಹಿಡಿಯುವುದಿಲ್ಲ, ಎರಡು ಟೇಪರ್ ಬೇರಿಂಗ್‌ಗಳ ಮೇಲಿನ ಬಿಗಿತವನ್ನೂ ಅದೇ ನಿರ್ಧರಿಸುತ್ತದೆ. ಬೇರಿಂಗ್‌ಗಳ ನಡುವೆ ಕುಗ್ಗುವ ಒಂದು ತೆಳು ಕೊಳವೆ ಇದೆ, ಕ್ರಶ್ ಸ್ಲೀವ್ ಅನ್ನುತ್ತೇವೆ. ಒಮ್ಮೆ ಕುಗ್ಗಿದರೆ ಅದು ಮತ್ತೆ ಹಿಗ್ಗುವುದಿಲ್ಲ. ಗುರುತು ಹಾಕದೆ ಬಿಚ್ಚಿ ಗಾಳಿ ಗನ್ನಿನಲ್ಲಿ ಬಿಗಿದರೆ ಒಂದೋ ಅತಿ ಬಿಗಿ, ಇಲ್ಲವೇ ಸಡಿಲ. ಬಿಗಿಯಾದರೆ ಬೇರಿಂಗ್ ಸುಡುತ್ತದೆ. ಸಡಿಲವಾದರೆ ಪಿನಿಯನ್ ಹಿಂದೆ ಮುಂದೆ ಆಡುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಒಳಕ್ಕೆ ಎಳೆಯುತ್ತದೆ, ಕೂಗುತ್ತದೆ.

ಪರೀಕ್ಷೆ ಸುಲಭ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹಿಂದಿನ ಎರಡೂ ಚಕ್ರ ಎತ್ತಿ ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ, ಇದನ್ನು ಕೈ ಮುಗಿದು ಹೇಳುತ್ತೇನೆ. ಶಾಫ್ಟಿನ ಹಿಂದಿನ ತುದಿ ಬಿಚ್ಚಿ. ಬಿಚ್ಚುವ ಮೊದಲು ಎರಡೂ ಫ್ಲ್ಯಾಂಜ್ ಮೇಲೆ ಬಣ್ಣದಿಂದ ಒಂದು ಗೆರೆ ಎಳೆಯಿರಿ. ಈಗ ಪಿನಿಯನ್ ಫ್ಲ್ಯಾಂಜನ್ನು ಗಟ್ಟಿಯಾಗಿ ಹಿಡಿದು ಎಳೆಯಿರಿ, ತಳ್ಳಿ, ಮೇಲೆ ಕೆಳಗೆ ಅಲ್ಲಾಡಿಸಿ. ತಿರುಗಿಸುವಾಗ ಸ್ವಲ್ಪ ಪ್ಲೇ ಇರುವುದು ಸಹಜ, ಹಲ್ಲುಗಳ ನಡುವೆ ಅಷ್ಟು ಜಾಗ ಬೇಕು. ಹಿಂದೆ ಮುಂದೆ, ಮೇಲೆ ಕೆಳಗೆ ಕೂದಲಷ್ಟೂ ಆಡಬಾರದು. ಹಿಂದಿನ ಚಕ್ರಗಳನ್ನೂ ಒಂದೊಂದಾಗಿ ಕೈಯಿಂದ ತಿರುಗಿಸಿ, ಇನ್ನೊಂದು ಕೈ ಪಾಟಾ ಮೇಲಿಡಿ. ಬೇರಿಂಗ್ ಒರಟಾಗಿದ್ದರೆ ಅದು ಪಾಟಾದಲ್ಲಿ ಜುಮ್ಮೆನ್ನುತ್ತದೆ.

ಶಾಫ್ಟ್ ತೆಗೆದು 4ಎಚ್ ಹಾಕಿ ಮುಂದಿನ ಚಕ್ರದ ಬಲದಲ್ಲಿ ಓಡಿಸಿ ನೋಡಿ ಅಂತ ಕೆಲವರು ಹೇಳಿಯಾರು. ಶಾಫ್ಟಿನ ಸದ್ದು ಹಿಡಿಯಲು ಅದು ಒಳ್ಳೆಯದೇ. ಆದರೆ ಆಗಲೂ ಹಿಂದಿನ ಚಕ್ರಗಳು ಪಿನಿಯನ್ ತಿರುಗಿಸುತ್ತಲೇ ಇರುತ್ತವೆ. ಅದಕ್ಕೇ ಪಿನಿಯನ್ ಬೇರಿಂಗ್ ಬಗ್ಗೆ ಅದರಿಂದ ತೀರ್ಪು ಸಿಗುವುದಿಲ್ಲ.

ಕುರ್ಲಾ ಕನ್ನಡಿಗ, ಮುಂಬೈ

ಇಷ್ಟೆಲ್ಲ ಯಾಕೆ? ಗುಜರಿಯಲ್ಲಿ ಸೇನೆಯ ಹಳೆ ಜಿಪ್ಸಿಗಳ ಡಿಫರೆನ್ಶಿಯಲ್ ಪೂರ್ತಿ ಅಸೆಂಬ್ಲಿ ಸಿಗುತ್ತದೆ. ತಂದು ಹಾಕಿಬಿಡಿ, ಅರ್ಧ ದಿನದ ಕೆಲಸ.

ಗ್ರೀಸ್ ಕೈ, ಭೋಸರಿ

ಸಿಗುತ್ತದೆ, ನಿಜ. 1985ರಿಂದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಯಾರಾದ ಗಾಡಿ, ಸೇನೆಯೂ ಬಹಳ ಬಳಸಿದೆ. ಆದರೆ ಆ ಅಸೆಂಬ್ಲಿ ಯಾವ ನೀರಲ್ಲಿ ಮುಳುಗಿತ್ತು ಅಂತ ಯಾರಿಗೆ ಗೊತ್ತು? ಹಲ್ಲಿನ ಅನುಪಾತವೂ ಮುಂದಿನ ಆಕ್ಸಲ್ ಜೊತೆ ಒಂದೇ ಇರಬೇಕು. 1 ಲೀಟರ್ ಇಂಜಿನ್ನಿನ ಹಳೆ ಜಿಪ್ಸಿಯದು ತಂದು 1.3ಕ್ಕೆ ಹಾಕಿ, 4ಎಚ್‌ನಲ್ಲಿ ಟ್ರಾನ್ಸ್‌ಫರ್ ಕೇಸ್ ಒಡೆದುಕೊಂಡವರನ್ನು ನೋಡಿದ್ದೇನೆ. ಇವರ ಹಲ್ಲು ಚೆನ್ನಾಗಿದ್ದರೆ ಅದನ್ನು ಉಳಿಸುವುದೇ ಸರಿ. ಕ್ರೌನ್ ಮತ್ತು ಪಿನಿಯನ್ ಇಷ್ಟು ವರ್ಷ ಜೊತೆಗೆ ತಿರುಗಿ ಹೊಂದಿಕೊಂಡಿರುತ್ತವೆ.

ಸಿಂಹಗಡ ಜಿಪ್ಸಿ

ನೀವು ಹೇಳಿದ ಹಾಗೆ ಮಾಡಿದೆ. ಬರೆಯುವಾಗ ಕೈ ಇನ್ನೂ ನಡುಗುತ್ತಿದೆ.

ಎಣ್ಣೆ ಕಾಫಿ ಬಣ್ಣ. ಡ್ರೈನ್ ಬೋಲ್ಟಿಗೆ ಬೂದು ಬಣ್ಣದ ನುಣ್ಣನೆ ಹಿಟ್ಟು ಹತ್ತಿತ್ತು. ಬೆರಳಲ್ಲಿ ಉಜ್ಜಿದರೆ ಎರಡು ಮೂರು ತೆಳು ಚಕ್ಕೆ ಸಿಕ್ಕವು. ಹಲ್ಲಿನ ತುಂಡು ಯಾವುದೂ ಇಲ್ಲ. ಪಿನಿಯನ್ ಫ್ಲ್ಯಾಂಜ್ ಹಿಡಿದು ಎಳೆದರೆ ಸ್ಪಷ್ಟವಾಗಿ ಹಿಂದೆ ಮುಂದೆ ಆಡುತ್ತದೆ, ಟಿಕ್ ಟಿಕ್ ಅಂತ ಕೇಳುತ್ತದೆ. ಶಾಫ್ಟಿನ ಹಿಂದಿನ ಕ್ರಾಸ್ ಒಂದು ದಿಕ್ಕಿಗೆ ಬಾಗುವುದೇ ಇಲ್ಲ, ತುಕ್ಕು ಪುಡಿ ಉದುರಿತು. ಬ್ರೀದರಿನೊಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಚಕ್ರದ ಬೇರಿಂಗ್‌ಗಳು ನುಣುಪಾಗಿವೆ.

ವಾಸ್ಕೊ ಬೋಲೆರೋ, ಗೋವಾ

ಚಕ್ಕೆ ಬೇರಿಂಗಿನದ್ದು. ಹಿಟ್ಟು ಹಳೆ ಗಾಡಿಯಲ್ಲಿ ಇದ್ದೇ ಇರುತ್ತದೆ, ಹೆದರಬೇಡಿ. ಮುಂದಿನ ಡಿಫರೆನ್ಶಿಯಲ್ ಮತ್ತು ಟ್ರಾನ್ಸ್‌ಫರ್ ಕೇಸ್ ಎಣ್ಣೆಯನ್ನೂ ಈಗಲೇ ನೋಡಿಬಿಡಿ. ಅವೂ ಅದೇ ನೀರಲ್ಲಿ ಇಳಿದಿದ್ದವಲ್ಲ.

ಸಿಂಹಗಡ ಜಿಪ್ಸಿ

ಕೆಲಸ ಆಯಿತು. ವಿವರವಾಗಿ ಬರೆಯುತ್ತೇನೆ, ಇನ್ನೊಬ್ಬರಿಗೆ ಬೇಕಾಗಬಹುದು.

ಭೋಸರಿಯ ಅಣ್ಣ ತಾವೇ ಬಂದು ನಿಂತು ಮಾಡಿಸಿದರು. ಸಾಮಾನೆಲ್ಲ ನಾನಾ ಪೇಠೆಯಲ್ಲಿ ಸಿಕ್ಕಿತು: ಎರಡು ಪಿನಿಯನ್ ಬೇರಿಂಗ್, ಹೊಸ ಕ್ರಶ್ ಸ್ಲೀವ್, ಹೊಸ ನಟ್, ಸೀಲ್, ಒಂದು ಕ್ರಾಸ್. ಹಿಂದಿನ ಡ್ರಮ್ ತೆಗೆದು ಎರಡೂ ಆಕ್ಸಲ್ ಶಾಫ್ಟ್ ಹೊರಗೆ ಎಳೆದರೆ ಡಿಫರೆನ್ಶಿಯಲ್ ಹೌಸಿಂಗಿನ ಮುಂಭಾಗದಿಂದ ಇಡಿಯಾಗಿ ಬರುತ್ತದೆ. ಮೇಜಿನ ಮೇಲಿಟ್ಟು ಕೆಲಸ ಮಾಡಬಹುದು.

ಒಳಗಿನ ಬೇರಿಂಗಿನ ರೋಲರ್‌ಗಳ ಮೇಲೆ ತುಕ್ಕಿನ ಚುಕ್ಕಿ ಸಾಲಾಗಿದ್ದವು. ಹಲ್ಲುಗಳು ಚೆನ್ನಾಗಿದ್ದವು. ಅದನ್ನು ಕಣ್ಣಾರೆ ನೋಡಿದಾಗ ನನಗೆ ಅಪ್ಪನ ಮುಖ ನೆನಪಾಯಿತು. ಪಿನಿಯನ್ ತಲೆಯ ಕೆಳಗಿದ್ದ ಶಿಮ್ (ತೆಳು ಲೋಹದ ಬಿಲ್ಲೆ) ಅಳೆದು ಅಷ್ಟೇ ದಪ್ಪದ್ದು ಹಾಕಿದರು. ನಟ್ ಬಿಗಿಯುವಾಗ ಗನ್ ಮುಟ್ಟಲಿಲ್ಲ. ಉದ್ದ ಪೈಪ್ ಹಾಕಿ ಕೈಯಲ್ಲೇ, ಕೂದಲೆಳೆಯಷ್ಟು ತಿರುಗಿಸಿ, ಪ್ರತಿ ಸಲ ಫ್ಲ್ಯಾಂಜಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡಿದರು. ಪುಸ್ತಕದಲ್ಲಿದ್ದ ಅಳತೆ ಬರುವವರೆಗೆ ಹೀಗೇ. ಇದೊಂದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿದರು. ಗುರುತು ಹಲ್ಲಿನ ನಡುಮಧ್ಯೆ ಬಿತ್ತು, ತುದಿಗೂ ಇಲ್ಲ, ಬುಡಕ್ಕೂ ಇಲ್ಲ.

ಎಣ್ಣೆ 80ಡಬ್ಲ್ಯೂ-90 ಗೇರ್ ಆಯಿಲ್, ಜಿಎಲ್-5 ದರ್ಜೆ. ಈ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ, ಅದಕ್ಕೇ ಜಿಎಲ್-5 ಬೇಕು ಎಂದರು. ಗೇರ್‌ಬಾಕ್ಸಿಗೆ ಮಾತ್ರ ಅದನ್ನೇ ಸುರಿಯಬೇಡಿ, ಅಲ್ಲಿನ ಹಿತ್ತಾಳೆ ರಿಂಗ್‌ಗಳಿಗೆ ಜಿಎಲ್-4 ಒಳ್ಳೆಯದು ಎಂದೂ ಹೇಳಿದರು. ಬ್ರೀದರಿಗೆ ರಬ್ಬರ್ ಪೈಪ್ ಹಾಕಿ ಬಾಡಿಯವರೆಗೆ ಮೇಲೆ ತಂದಿದ್ದೇವೆ. ಒಟ್ಟು ಖರ್ಚು ಆ ಗ್ಯಾರೇಜ್ ಹೇಳಿದ್ದರ ಕಾಲು ಭಾಗವೂ ಆಗಲಿಲ್ಲ.

ಗುಂಯ್ ಹೋಗಿದೆ. ಚಿಂವ್, ಟಕ್ ಎರಡೂ ಹೋಗಿವೆ. ಆದರೆ ಮೊದಲು ಇಲ್ಲದ ಒಂದು ನಡುಕ 70ರಲ್ಲಿ ಶುರುವಾಗಿದೆ. ಸೀಟಿನ ಕೆಳಗೆ ಜುಮ್ ಅನ್ನುತ್ತದೆ. ಕ್ರಾಸ್ ಹಾಕಲು ಶಾಫ್ಟನ್ನು ಹತ್ತಿರದ ವರ್ಕ್‌ಶಾಪಿಗೆ ನಾನೇ ಒಯ್ದಿದ್ದೆ.

ಡೊಂಬಿವಲಿ ಥಾರ್

ಶಾಫ್ಟನ್ನು ನಡುವೆ ಎಳೆದು ಎರಡು ತುಂಡು ಮಾಡಿದ್ದರಾ? ಹಾಗಿದ್ದರೆ ಎರಡೂ ತುದಿಯಲ್ಲಿ ಕ್ರಾಸ್ ಹಿಡಿದಿರುವ ಕವಲುಗಳನ್ನು ಪಕ್ಕದಿಂದ ನೋಡಿ. ಒಂದೇ ನೇರದಲ್ಲಿರಬೇಕು. ಬಾಗಿದ ಕ್ರಾಸ್ ಒಂದು ಸುತ್ತಿನಲ್ಲಿ ಎರಡು ಸಲ ಶಾಫ್ಟಿನ ವೇಗವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಇನ್ನೊಂದು ತುದಿಯ ಕ್ರಾಸ್ ಅದನ್ನು ಸರಿದೂಗಿಸುತ್ತದೆ. ಸ್ಪ್ಲೈನಿನಲ್ಲಿ ಹಲ್ಲು ತಪ್ಪಿ ಕೂರಿಸಿದರೆ ಸರಿದೂಗದೆ ನಡುಕ ಉಳಿಯುತ್ತದೆ.

ಸಿಂಹಗಡ ಜಿಪ್ಸಿ

ಅದೇ ಆಗಿತ್ತು! ಕವಲುಗಳು ಸ್ವಲ್ಪ ಓರೆಯಾಗಿದ್ದವು. ಸ್ಪ್ಲೈನ್ ಮೇಲಿನ ಹಳೆಯ ಗುರುತು ಗ್ರೀಸ್ ಕೆಳಗೆ ಮುಚ್ಚಿಹೋಗಿತ್ತು. ಒರೆಸಿ, ಗುರುತು ಸೇರಿಸಿ ಕೂರಿಸಿದೆ. ನಿನ್ನೆ ಸಂಜೆ ಕಾತ್ರಜ್ ಸುರಂಗದಲ್ಲಿ ಎರಡೂ ಕಿಟಕಿ ತೆರೆದು ಹೋದೆ. ಅಲ್ಲಿ ಗೋಡೆಗೆ ಬಡಿದು ಎಲ್ಲ ಸದ್ದೂ ವಾಪಸ್ ಕಿವಿಗೆ ಬರುತ್ತದೆ ಅಲ್ವಾ. ಟೈರಿನ ಸದ್ದು, ಇಂಜಿನ್ನಿನ ಸದ್ದು, ಅಷ್ಟೇ. ಹಿಂದೆ ಮಗಳು ಹಾಡು ಹೇಳುತ್ತಿದ್ದಳು, ಪ್ರತಿ ಮಾತೂ ಕೇಳಿಸಿತು.

ಗ್ರೀಸ್ ಕೈ, ಭೋಸರಿ

ಸಂತೋಷ. 500 ಕಿಮೀ ಆದ ಮೇಲೆ ಎಣ್ಣೆ ಇನ್ನೊಮ್ಮೆ ಇಳಿಸಿ ನೋಡಿ. ಹಳೆ ನೀರಿನ ಪಸೆ ಹೌಸಿಂಗಿನ ಮೂಲೆಯಲ್ಲಿ ಉಳಿದಿರಬಹುದು. ಪಿನಿಯನ್ ಫ್ಲ್ಯಾಂಜನ್ನೂ ಅವತ್ತು ಕೈಯಿಂದ ಎಳೆದು ನೋಡಿ.

ಸಿಂಹಗಡ ಜಿಪ್ಸಿ

ಇವತ್ತು 520 ಕಿಮೀ ಆಯಿತು. ಎಣ್ಣೆ ಜೇನಿನ ಬಣ್ಣದಲ್ಲಿದೆ, ಹಾಲಿನ ಛಾಯೆ ಇಲ್ಲ. ಬೋಲ್ಟಿಗೆ ಹತ್ತಿದ ಹಿಟ್ಟು ಕಣ್ಣಿಗೆ ಹಚ್ಚುವ ಕಾಡಿಗೆಯಷ್ಟು ನುಣ್ಣಗಿದೆ, ಚಕ್ಕೆ ಒಂದೂ ಸಿಗಲಿಲ್ಲ. ಫ್ಲ್ಯಾಂಜ್ ಎಳೆದೆ, ತಳ್ಳಿದೆ. ಅಲ್ಲಾಡಲಿಲ್ಲ.